ಕನ್ನಡದ ಅಕ್ಷರಗಳನ್ನು ವಾಲಿಸಬೇಡಿ

ಸಂಪಾದಕರೇ,

ನಿಮ್ಮ ಪತ್ರಿಕೆಯ ಮುದ್ರಿತ ಪುಟ ನೋಡಿದರೆ ಕಣ್ಣಿಗೆ ಹಿತ. ವೆಬ್‌ಸೈಟ್ ತೆರೆದರೆ ಮಾತ್ರ ತಲೆನೋವು. ಯಾರಾದರೂ ಹೇಳಿದ ಮಾತು ಬಂತೆಂದರೆ ಸಾಕು, ಇಡೀ ಪ್ಯಾರಾ ಬಲಕ್ಕೆ ವಾಲಿಕೊಳ್ಳುತ್ತದೆ. ಹೆಸರು ಬಂದರೆ ದಪ್ಪಕ್ಷರ, ಊರು ಬಂದರೆ ದಪ್ಪಕ್ಷರ, ಕೆಲವು ಕಡೆ ಕ್ರಿಯಾಪದಕ್ಕೂ ದಪ್ಪಕ್ಷರ! ನಿಮ್ಮೊಬ್ಬರನ್ನೇ ದೂರುತ್ತಿಲ್ಲ, ಎಷ್ಟೋ ಕನ್ನಡ ಸುದ್ದಿತಾಣಗಳ ಹಣೆಬರಹ ಇದೇ. ವೆಬ್ ಪುಟ ಮಾಡಿಕೊಡುವುದೇ ನನ್ನ ಹೊಟ್ಟೆಪಾಡಾದ್ದರಿಂದ ಸುಮ್ನೆ ನೋಡಿಕೊಂಡು ಇರಲು ಆಗುತ್ತಿಲ್ಲ, ಅದಕ್ಕೇ ಈ ಪತ್ರ.

ಮೊದಲು ಈ ವಾಲುವ ವಿಚಾರ. ಇಂಗ್ಲಿಷಿನ ಇಟಾಲಿಕ್ ಅಂದರೆ ನೆಟ್ಟಗಿದ್ದ ಅಕ್ಷರವನ್ನು ತಳ್ಳಿ ಓರೆ ಮಾಡಿದ್ದಲ್ಲ. 1500ರ ಸುಮಾರಿಗೆ ವೆನಿಸ್‌ನಲ್ಲಿ ಆಲ್ಡಸ್ ಮನೂಟಿಯಸ್ ಎಂಬ ಪ್ರಕಾಶಕನ ಅಚ್ಚುಕೂಟಕ್ಕಾಗಿ, ಆ ಕಾಲದ ಕೈಬರಹ ನೋಡಿಕೊಂಡು ಬೇರೆಯಾಗಿಯೇ ಕೊರೆದ ಅಚ್ಚು ಅದು. ಕನ್ನಡದ ಫಾಂಟ್‌ಗಳಲ್ಲಿ ಸಾಮಾನ್ಯವಾಗಿ ಅಂಥದ್ದು ಇರುವುದೇ ಇಲ್ಲ. ಗೂಗಲ್‌ನ ನೋಟೋ ಸಾನ್ಸ್ ಕನ್ನಡವನ್ನೇ ನೋಡಿ. ತೀರಾ ತೆಳುವಿನಿಂದ ತೀರಾ ದಪ್ಪದವರೆಗೆ, 100ರಿಂದ 900ರವರೆಗೆ ಒಂಬತ್ತು ತೂಕಗಳಿವೆ, ಇಟಾಲಿಕ್ ಒಂದೂ ಇಲ್ಲ. ಆದರೆ ನಿಮ್ಮವರು ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಐ ಅಥವಾ ಇಎಂ ಟ್ಯಾಗ್ (ಅಕ್ಷರವನ್ನು ಸಾಮಾನ್ಯವಾಗಿ ಓರೆಯಾಗಿ ತೋರಿಸುವ ಗುರುತು) ಹಾಕಿದ ಕೂಡಲೇ ಬ್ರೌಸರ್ ಇಟಾಲಿಕ್ ಹುಡುಕುತ್ತದೆ, ಸಿಗದಿದ್ದಾಗ ಇರುವ ಅಕ್ಷರವನ್ನೇ ಹಿಡಿದು ಬಗ್ಗಿಸುತ್ತದೆ. 'ಸ್ವಾತಂತ್ರ್ಯ' ಎಂಬ ಪದವನ್ನು ಹೀಗೆ ಬಗ್ಗಿಸಿ ನೋಡಿ. ಮೇಲಿನ ತಲೆಕಟ್ಟು ಬಲಕ್ಕೆ ಹೋಗುತ್ತದೆ, ಕೆಳಗಿನ ಒತ್ತು ಎಡಕ್ಕೆ ಜಾರುತ್ತದೆ, ಯಾವ ಒತ್ತು ಯಾವ ಅಕ್ಷರದ್ದು ಅಂತ ಮೊಬೈಲಿನ ಸಣ್ಣ ಪರದೆಯಲ್ಲಿ ಕಣ್ಣು ಕಿರಿದು ಮಾಡಿ ಹುಡುಕಬೇಕು. ಗುಂಡಗಿನ ಲಿಪಿಗೆ ಈ ಶಿಕ್ಷೆ ಯಾಕೆ?

ದಪ್ಪಕ್ಷರದ ಕಥೆ ಸ್ವಲ್ಪ ಬೇರೆ. ಕನ್ನಡಕ್ಕೆ ಒಳ್ಳೆಯ ಬೋಲ್ಡ್ ಇದೆ, ಆದರೆ ಪುಟ ಬೇಗ ತೆರೆಯಲಿ ಅಂತ ಎಷ್ಟೋ ಸೈಟ್‌ಗಳು ಫಾಂಟಿನ ಒಂದೇ ತೂಕದ ಕಡತವನ್ನು ಹಾಕಿರುತ್ತವೆ. ಆಗ ಬ್ರೌಸರ್ ಇರುವ ಅಕ್ಷರಕ್ಕೇ ಮಸಿ ಬಳಿದು ದಪ್ಪ ಮಾಡುತ್ತದೆ. ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಗೀಟು ಅಷ್ಟೇ, ಅಲ್ವಾ? ಅದು ಮುಚ್ಚಿಹೋದರೆ 'ರೈತರಿಗೆ ಧನಸಹಾಯ' ಎಂಬ ಸುದ್ದಿ ದನಸಹಾಯವಾಗಿ ಕಾಣುತ್ತದೆ. ಓದಿ ನಗಬಹುದು, ಆದರೆ ಅದು ಶೀರ್ಷಿಕೆ ಸ್ವಾಮಿ. ಒಂದೇ ಪದದೊಳಗೆ ಒತ್ತನ್ನು ಮಾತ್ರ ದಪ್ಪ ಮಾಡಲು ಹೋದವರ ಪಾಡಂತೂ ಕೇಳಬೇಡಿ. ಮಕ್ಕಳಿಗೆ ಒತ್ತಕ್ಷರ ಕಲಿಸುವ ಪುಟದಲ್ಲಿ 'ಅಮ್ಮ' ಪದದ ಮಧ್ಯೆ ದಪ್ಪ ಮಾಡುವ ಬಿ ಟ್ಯಾಗ್ ತೂರಿಸಿದರೆ ಅದು 'ಅಮ್' ಮತ್ತು 'ಮ' ಅಂತ ಎರಡು ತುಂಡಾಗುತ್ತದೆ, ಯಾವ ಒತ್ತನ್ನು ತೋರಿಸಬೇಕಿತ್ತೋ ಅದೇ ಮಾಯ.

ಅಡಿಗೆರೆಯನ್ನು ಕೊಂಡಿಗಳಿಗೆ ಬಿಟ್ಟುಬಿಡಿ. ಸುಮ್ನೆ ಗೆರೆ ಎಳೆದರೆ ಜನ ಒತ್ತಿ ನೋಡುತ್ತಾರೆ, ಏನೂ ತೆರೆಯದಿದ್ದರೆ ಬೈಯುತ್ತಾರೆ.

ಇದೆಲ್ಲ ಬರೀ ಅಂದಚಂದದ ಮಾತಲ್ಲ. ಕಣ್ಣು ಕಾಣದ ಓದುಗರು ಎನ್‌ವಿಡಿಎಯಂಥ ಉಚಿತ ತಂತ್ರಾಂಶದಿಂದ ಪುಟವನ್ನು ಕನ್ನಡದಲ್ಲೇ ಓದಿಸಿಕೊಳ್ಳುತ್ತಾರೆ. ಅದರಲ್ಲಿ ಎಚ್ ಕೀಲಿ ಒತ್ತಿದರೆ ಒಂದು ಶೀರ್ಷಿಕೆಯಿಂದ ಮುಂದಿನ ಶೀರ್ಷಿಕೆಗೆ ನೆಗೆಯಬಹುದು. ಆದರೆ ಅದು ಶೀರ್ಷಿಕೆ ಅಂತ ಗೊತ್ತಾಗಬೇಕಾದರೆ ಎಚ್2, ಎಚ್3 ಎಂಬ ಟ್ಯಾಗ್ ಇರಬೇಕು. ನೀವು ಸಾಮಾನ್ಯ ಪ್ಯಾರಾವನ್ನೇ ದಪ್ಪ ಮಾಡಿ ಉಪಶೀರ್ಷಿಕೆ ಅಂತ ಬಿಟ್ಟರೆ ಅವರ ಪಾಲಿಗೆ ಶೀರ್ಷಿಕೆಯೇ ಇಲ್ಲ, ಉದ್ದದ ವರದಿಯನ್ನು ಮೊದಲಿನಿಂದ ಕೊನೆತನಕ ಕೇಳುತ್ತಾ ಕೂರಬೇಕು. ಇನ್ನು ಸ್ಟ್ರಾಂಗ್ ಟ್ಯಾಗ್ ಇರುವುದು ನಿಜಕ್ಕೂ ಮುಖ್ಯವಾದ, ತುರ್ತಾದ ಮಾತಿಗೆ. ಬಿ ಟ್ಯಾಗ್ ಬರೀ ಗಮನ ಸೆಳೆಯಲು. ಹಾಗಂತ ಸ್ಟ್ರಾಂಗ್ ಹಾಕಿದ ತಕ್ಷಣ ಓದುವ ತಂತ್ರಾಂಶ ದನಿ ಏರಿಸಿ ಓದುತ್ತದೆ ಅಂದುಕೊಳ್ಳಬೇಡಿ, ಸಾಮಾನ್ಯವಾಗಿ ಅದು ಏನನ್ನೂ ಹೇಳದೆ ಮುಂದೆ ಹೋಗುತ್ತದೆ. ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿಯಾದರೆ 'ಎಚ್ಚರಿಕೆ' ಅಂತ ಮಾತಿನಲ್ಲೇ ಬರೆಯಿರಿ.

ಸಿಟ್ಟು ಜಾಸ್ತಿ ಬರುವುದು ಓಡುವ ಅಕ್ಷರ ನೋಡಿದಾಗ. ಮಿನುಗುವ ಬ್ಲಿಂಕ್ ಟ್ಯಾಗ್ ನೆಟ್‌ಸ್ಕೇಪ್ ಎಂಬ ಹಳೆಯ ಬ್ರೌಸರ್‌ನ ಕಾಲದ್ದು, 2013ರಲ್ಲಿ ಫೈರ್‌ಫಾಕ್ಸ್ ಕೂಡ ಅದನ್ನು ಕಿತ್ತುಹಾಕಿತು. ಅದರ ಅಣ್ಣತಮ್ಮನಂತಿರುವ, ಅಕ್ಷರ ಓಡಿಸುವ ಮಾರ್ಕೀ ಟ್ಯಾಗ್ ಮಾತ್ರ ಇನ್ನೂ ಸತ್ತಿಲ್ಲ. ಎಚ್‌ಟಿಎಂಎಲ್ ನಿಯಮದಲ್ಲಿ ಅದನ್ನು ಬಳಸಲೇಬಾರದು ಅಂತಿದ್ದರೂ ಹಳೆಯ ಪುಟಗಳು ಕೆಡದಿರಲಿ ಅಂತ ಬ್ರೌಸರ್‌ಗಳು ಓಡಿಸುತ್ತಲೇ ಇವೆ. ಅರ್ಜಿಯ ಕೊನೆಯ ದಿನಾಂಕ ನೋಡೋಣ ಅಂತ ಯಾವುದೋ ಕಚೇರಿಯ ಸೈಟಿಗೆ ಹೋದರೆ ಆ ದಿನಾಂಕ ಬಲದಿಂದ ಬಂದು ಆಗಲೇ ಎಡಕ್ಕೆ ಹೋಗಿರುತ್ತದೆ. ಮತ್ತೆ ಬರುವ ತನಕ ಕಾಯಬೇಕು. ತಾನಾಗಿಯೇ ಐದು ಸೆಕೆಂಡಿಗಿಂತ ಜಾಸ್ತಿ ಓಡುವುದನ್ನು ನಿಲ್ಲಿಸಲು ಓದುಗರಿಗೆ ಒಂದು ಗುಂಡಿಯಾದರೂ ಇರಬೇಕು ಎನ್ನುವುದು ವೆಬ್‌ನ ಸುಗಮ ಬಳಕೆಗೆಂದು ಮಾಡಿದ ಅಂತರರಾಷ್ಟ್ರೀಯ ಮಾರ್ಗಸೂಚಿ. ನಿಮ್ಮ 'ತಾಜಾ ಸುದ್ದಿ' ಪಟ್ಟಿಗೂ ಅಂಥ ಗುಂಡಿ ಇಲ್ಲ.

ಹಾಗಾದರೆ ಏನು ಮಾಡಬೇಕು ಅಂತೀರಾ? ನಿಮ್ಮ ಮುದ್ರಣ ವಿಭಾಗದವರನ್ನೇ ಕೇಳಿ, ಅವರಿಗೆ ಗೊತ್ತು. ಪುಸ್ತಕದ ಹೆಸರಿಗೆ ಒಂಟಿ ಉದ್ಧರಣ ಚಿಹ್ನೆ, ಯಾರದಾದರೂ ಉದ್ದದ ಮಾತಿಗೆ ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟು ಬೇರೆ ಪ್ಯಾರಾ. ವೆಬ್‌ನಲ್ಲಿ ಇದಕ್ಕೆಂದೇ ಬ್ಲಾಕ್‌ಕೋಟ್ ಟ್ಯಾಗ್ ಇದೆ, ಎಡಗಡೆ ಒಂದು ಗೆರೆ ಕೊಟ್ಟರೆ ಮುಗಿಯಿತು. ನಿಮ್ಮ ತಂತ್ರಜ್ಞರಿಗೆ ಇನ್ನೊಂದು ಮಾತು ಹೇಳಿ: ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಫಾಂಟ್ ಸಿಂಥೆಸಿಸ್ ಎಂಬ ಗುಣವಿದೆ, ಅದಕ್ಕೆ 'ನನ್' (none, ಅಂದರೆ ಯಾವುದೂ ಬೇಡ) ಅಂತ ಕೊಟ್ಟರೆ ಬ್ರೌಸರ್ ತಾನಾಗಿ ಬಗ್ಗಿಸುವುದನ್ನೂ ಮಸಿ ಬಳಿಯುವುದನ್ನೂ ನಿಲ್ಲಿಸುತ್ತದೆ. ಜೊತೆಗೆ ನಿಜವಾದ ಬೋಲ್ಡ್ ಕಡತವನ್ನೂ ಸೇರಿಸಲಿ, ಇಲ್ಲದಿದ್ದರೆ ಇರುವ ದಪ್ಪಕ್ಷರವೂ ಹೋಗುತ್ತದೆ.

ನಿಮ್ಮ ಓದುಗ,
ಶಿವಮೊಗ್ಗ