ಮೀನುಗಾಲಿನ ಅರಸ

ಮಾರಾಯ,

ಬ್ರಿಟಿಷ್ ಮ್ಯೂಸಿಯಂನಿಂದ ನಾನು ಕಳಿಸಿದ ಫೋಟೋ ನೋಡಿ, ‘ಈ ರಾಜನಿಗೆ ಕಾಲಿರಬೇಕಾದ ಕಡೆ ಮೀನು ಯಾಕೋ?’ ಅಂತ ಕೇಳಿದ್ದೆಯಲ್ಲ. ವಾಟ್ಸಾಪಿನ ಎರಡು ಸಾಲಿಗೆ ದಕ್ಕುವ ಸಂಗತಿಯಲ್ಲ ಅದು, ಹಾಗಾಗಿ ಈ ಕಾಗದ.

ಅದು ಬೆನಿನ್ ಅರಮನೆಯ ಫಲಕ. ಬೆನಿನ್ ಅಂದರೆ ಈಗಿನ ಬೆನಿನ್ ದೇಶ ಅಲ್ಲ, ನೈಜೀರಿಯದ ಬೆನಿನ್ ಸಿಟಿ. ಅಲ್ಲಿನ ಎದೋ ಜನ ತಮ್ಮ ಅರಸನನ್ನು ‘ಒಬಾ’ ಅಂತಾರೆ. 16, 17ನೇ ಶತಮಾನದಲ್ಲಿ ಇಂಥ ಫಲಕಗಳು ಅರಮನೆಯ ಕಂಬಗಳ ಮೇಲಿದ್ದವು. ಲೋಕವೆಲ್ಲ ಕಂಚು ಅಂದರೂ ಹೆಚ್ಚಿನವು ಹಿತ್ತಾಳೆಯವೇ.

ಕಾಲಿನ ಜಾಗದಲ್ಲಿರುವುದು ಕೆಸರುಮೀನು. ಅದು ನೀರಲ್ಲೂ ಸೈ, ಕೆಸರಲ್ಲೂ ಸೈ. ನಮ್ಮ ಗದ್ದೆಯ ಮುಗುಡು ನೆನಪಾಯ್ತಾ? ಕಡಲಿಗೆ ಒಲೊಕುನ್ ದೇವರು ಒಡೆಯ, ನೆಲಕ್ಕೆ ಒಬಾ. ಮೀನುಗಾಲಿನ ಅರಸನಿಗೆ ಎರಡು ಕಡೆಯೂ ನಂಟು. ಕೈಯಲ್ಲಿ ಬಾಲ ಹಿಡಿದು ನೇತಾಡಿಸಿರುವುದು ಚಿರತೆಗಳನ್ನು. ಕಾಡಿನ ರಾಜನೂ ಅವನ ಹಿಡಿತದಲ್ಲಿ ಅಂತ ಅರ್ಥ.

ಇದು ಅರಮನೆ ಒಪ್ಪುವ ವಿವರಣೆ. ನನಗೆ ಹಿಡಿಸಿದ್ದು ಇನ್ನೊಂದು ಕತೆ. ಒಹೆನ್ ಎಂಬ ಒಬಾನಿಗೆ ಕಾಲಿನ ಸ್ವಾಧೀನ ತಪ್ಪಿತಂತೆ. ಊನವಿದ್ದವನು ದೊರೆಯಾಗಿರುವ ಹಾಗಿಲ್ಲ. ಅದಕ್ಕೇ ಸಭೆಗೆ ಯಾರೂ ಬರುವ ಮುಂಚೆ ಅವನನ್ನು ಹೊತ್ತು ತಂದು ಕೂರಿಸಿ, ಎಲ್ಲರೂ ಎದ್ದು ಹೋದ ಮೇಲೆ ಹೊತ್ತೊಯ್ಯುತ್ತಿದ್ದರು. ಸಂಶಯ ಬಂದ ಹಿರಿಯ ಮಂತ್ರಿ, ಇಯಾಸೆ, ಬಚ್ಚಿಟ್ಟುಕೊಂಡು ನೋಡಿಬಿಟ್ಟ. ಒಬಾ ಅವನನ್ನು ಕೊಲ್ಲಿಸಿದ. ಜನ ದಂಗೆ ಎದ್ದು ಒಬಾನನ್ನೂ ಮುಗಿಸಿದರಂತೆ. ಹಾಗಾದರೆ ಈ ಮೀನು ಕಡಲ ಶಕ್ತಿಯೋ, ಕಾಲಿನ ಗುಟ್ಟೋ? ಎರಡೂ ಇರಬೇಕು ಅಂತ ನನ್ನ ಅಂದಾಜು.

ಎರಕದ ಕೆಲಸ ಇಗುನ್ ಬೀದಿಯ ಕುಲುಮೆಯವರದು. ಮೇಣದ ಬೊಂಬೆಗೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಟೊಳ್ಳಿಗೆ ಲೋಹ ಹೊಯ್ಯುವುದು. ನಮ್ಮ ಕಲ್ಯಾಣದ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಬರೆದಿಟ್ಟ ವಿಧಾನವೂ ಇದೇ! ಹಿತ್ತಾಳೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ, ಮನಿಲ್ಲಾ ಎಂಬ ಕಡಗಗಳ ರೂಪದಲ್ಲಿ. ತುಕ್ಕು ಹಿಡಿಯದ ಲೋಹ, ಅರಸೊತ್ತಿಗೆಗೆ ತಕ್ಕದ್ದು.

1897ರಲ್ಲಿ ಬ್ರಿಟಿಷ್ ಪಡೆ ಅರಮನೆ ದೋಚಿತು, ಊರು ಸುಟ್ಟಿತು. ಆಗಿನ ಒಬಾ ಒವೊನ್‌ರಾಮ್ವೆನ್‌ನನ್ನು ನೈಜೀರಿಯದ್ದೇ ಕಲಬಾರ್ ಊರಿಗೆ ಗಡೀಪಾರು ಮಾಡಿದರು. ಆ ಲೂಟಿಯ ಮಾಲಿನಲ್ಲಿ ತನ್ನ ಬಳಿಯಿದ್ದ 20 ಕೃತಿಗಳನ್ನು 2022ರಲ್ಲಿ ಜರ್ಮನಿ ನೈಜೀರಿಯಕ್ಕೆ ಮರಳಿಸಿತು. ನಾನು ನೋಡಿದ್ದು ಇನ್ನೂ ಲಂಡನ್ನಿನಲ್ಲೇ ಇದೆ.

ಫೋಟೋ ದೊಡ್ಡದು ಮಾಡಿ ಇನ್ನೊಮ್ಮೆ ನೋಡು. ಮೀನುಗಳೆರಡೂ ಅತ್ತಿತ್ತ ಹೊರಳಿವೆ, ನಿಲ್ಲಲು ಪಾದವೇ ಇಲ್ಲ. ಮುಖದಲ್ಲಿ ಮಾತ್ರ ಒಂಚೂರೂ ಅಳುಕಿಲ್ಲ.

ನಿನ್ನವ