ಭಾನುವಾರದ ಮಾತುಕತೆ: ಎರಡು ರಗ್ಬಿ ಆಡಿದ ಜೇಸನ್ ರಾಬಿನ್ಸನ್

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 6ಕ್ಕೆ ಗೂಗಲ್ ಮೀಟ್‌ನಲ್ಲಿ ಸೇರೋಣ. ಈ ಸಲ ಕ್ರಿಕೆಟ್ ಇಲ್ಲ, ಬೇಜಾರು ಮಾಡ್ಕೋಬೇಡಿ.

ರಗ್ಬಿಯಲ್ಲಿ ಎರಡು ಬಗೆ. ಲೀಗ್‌ನಲ್ಲಿ ತಂಡಕ್ಕೆ 13 ಜನ, ಯೂನಿಯನ್‌ನಲ್ಲಿ 15. ನಿಯಮಗಳೂ ಬೇರೆ. ಲೀಡ್ಸ್‌ನಲ್ಲಿ ಹುಟ್ಟಿದ ರಾಬಿನ್ಸನ್ ವಿಗನ್ ಕ್ಲಬ್ ಪರ ಲೀಗ್ ಆಡಿ ಹೆಸರು ಮಾಡಿದವರು. 2000ರ ಕೊನೆಗೆ ಸೇಲ್ ಕ್ಲಬ್ ಸೇರಿ ಯೂನಿಯನ್‌ಗೆ ಬಂದರು. 2001ರ ಫೆಬ್ರವರಿಯಲ್ಲೇ ಇಂಗ್ಲೆಂಡ್ ತಂಡದಲ್ಲಿದ್ದರು! ಅಷ್ಟು ಬೇಗ ಹೇಗೆ ಒಗ್ಗಿಕೊಂಡರು ಅನ್ನೋದೇ ನನಗೆ ಕುತೂಹಲ.

2003ರ ರಗ್ಬಿ ಯೂನಿಯನ್ ವಿಶ್ವಕಪ್ ಫೈನಲ್ ಸಿಡ್ನಿಯಲ್ಲಿ ನಡೆಯಿತು. ಇಂಗ್ಲೆಂಡ್ 20-17ರಿಂದ ಆಸ್ಟ್ರೇಲಿಯಾವನ್ನು ಸೋಲಿಸಿತು. ಎಲ್ಲರೂ ಇಂಗ್ಲೆಂಡ್‌ನ ಜಾನಿ ವಿಲ್ಕಿನ್ಸನ್ ಕೊನೇ ಗಳಿಗೆಯಲ್ಲಿ ಹೊಡೆದ ಡ್ರಾಪ್ ಗೋಲನ್ನೇ (ಚೆಂಡನ್ನು ಕೈಬಿಟ್ಟು, ಅದು ನೆಲ ಮುಟ್ಟಿ ಪುಟಿಯುತ್ತಿದ್ದಂತೆ ಗೋಲು ಕಂಬಗಳ ನಡುವೆ ಒದೆಯುವುದು) ನೆನೆಯುತ್ತಾರೆ. ಆದರೆ ಆ ಪಂದ್ಯದಲ್ಲಿ ಬಂದದ್ದು ಎರಡೇ ಟ್ರೈ (ಎದುರಾಳಿಯ ಗೋಲು ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿ ಅಂಕ ಗಳಿಸುವುದು). ಒಂದು ರಾಬಿನ್ಸನ್ ಅವರದು, ಇನ್ನೊಂದು ಆಸ್ಟ್ರೇಲಿಯಾದ ಲೋಟೆ ಟುಕಿರಿ ಅವರದು. ಇಬ್ಬರೂ ಲೀಗ್‌ನಿಂದ ಬಂದವರೇ, ಮಜಾ ಅಲ್ವಾ?

ಬರುವ ಮೊದಲು ಆ ಫೈನಲ್‌ನ ಮುಖ್ಯಾಂಶ ನೋಡಿಕೊಂಡು ಬನ್ನಿ. ಮೀಟ್ ಲಿಂಕ್ ಭಾನುವಾರ ಮಧ್ಯಾಹ್ನ ಇಲ್ಲೇ ಹಾಕುತ್ತೇನೆ. ಮೈಕ್ ಮ್ಯೂಟ್‌ನಲ್ಲಿರಲಿ. ಹೋದ ಸಲ ಯಾರದೋ ಮನೆಯ ಕುಕ್ಕರ್ ಸೀಟಿ ಎಲ್ಲರಿಗೂ ಕೇಳಿತು.

ಲೀಗ್, ಯೂನಿಯನ್ ನಿಯಮಗಳ ವ್ಯತ್ಯಾಸವನ್ನು 5 ನಿಮಿಷ ಹೇಳಿಕೊಡಲು ಒಬ್ಬರು ಬೇಕು. ರಗ್ಬಿ ಆಡಿದವರು ಇದ್ದರೆ ದಯವಿಟ್ಟು ನನಗೆ ಮೆಸೇಜ್ ಮಾಡಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿ ‘ಬರ್ತೀನಿ’ ಅಂತ ಹಾಕಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕೆ ಸಿಗುವುದಿಲ್ಲ.