ಪಾವ್ ಕಿಲೋ ಬೇಳೆ ಸೊಂಟಕ್ಕೆ ಕಟ್ಟಿಕೊಂಡ ಹಾಗೆ

ಕಲಬುರಗಿ
ಭಾನುವಾರ ಸಂಜೆ

ಪ್ರೀತಿಯ ಮಗಳಿಗೆ,

ಜೇಬಿನಲ್ಲಿಟ್ಟುಕೊಳ್ಳುವ ಮಡಚುವ ಟೂಲ್ ಬೇಕು ಅಂತ ನೀನು ವಾಟ್ಸಾಪಿನಲ್ಲಿ ಕಳಿಸಿದ ಮೂರೂ ಲಿಂಕ್ ನೋಡಿದೆ. "ಅಪ್ಪಾ, ಯಾವುದು ತಗೊಳ್ಳಲಿ, ಒಂದೇ ಮಾತಲ್ಲಿ ಹೇಳು" ಅಂದಿದ್ದೆ. ಇಪ್ಪತ್ತೆಂಟು ವರ್ಷ ಮೋಟರ್ ರಿವೈಂಡಿಂಗ್ ಮಾಡಿದವನಿಗೆ ಪಕ್ಕಡ್ ಬಗ್ಗೆ ಕೇಳಿ, ಒಂದೇ ಮಾತಲ್ಲಿ ಹೇಳು ಅಂದರೆ ಹೇಗೆ? ಅದಕ್ಕೇ ಪತ್ರ.

ಮೊದಲು ಆ ದೊಡ್ಡದರ ವಿಷಯ. ಗಂಜ್‌ನ ದಾಲ್ ಮಿಲ್ಲಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗನ ಹತ್ತಿರ ಲೆದರ್‌ಮನ್ ವೇವ್ ಪ್ಲಸ್ ಇದೆ. ಒಂದು ದಿನಕ್ಕೆ ಅಂತ ಕೇಳಿ ತಂದೆ. ಏನು ಮಾಲು ಅಂತೀ! ಎರಡು ಹಿಡಿಕೆ ಬಿಚ್ಚಿದರೆ ನಡುವಿನಿಂದ ಪಕ್ಕಡ್ ಬರುತ್ತೆ. ಚಾಕು ಬೇಕಾದರೆ ಹಿಡಿಕೆಯನ್ನೂ ಬಿಚ್ಚಬೇಕಿಲ್ಲ, ಹೊರಗಿನಿಂದಲೇ ಹೆಬ್ಬೆರಳಲ್ಲಿ ತಳ್ಳಿದರೆ ಟಕ್ ಅಂತ ಬಂದು ಲಾಕ್ ಆಗುತ್ತೆ. ಕತ್ತರಿ, ಗರಗಸ, ಅರ ಎಲ್ಲಾ ಸೇರಿ 18 ಅಂತೆ. ಸ್ಕ್ರೂಡ್ರೈವರಿಗೆ ಸಿಕ್ಕಿಸುವ ತುದಿ, ಅಂದರೆ ಬಿಟ್, ಮಾತ್ರ ಚಪ್ಪಟೆ. ನನ್ನ ಡಬ್ಬಿಯಲ್ಲಿರುವ ಆರು ಮೂಲೆಯ ಬಿಟ್ ಹಾಕಿ ನೋಡಿದೆ, ಅದರ ಬಾಯಿಗೆ ಕೂರಲೇ ಇಲ್ಲ. ಅವರದೇ ಬಿಟ್ ಕೊಳ್ಳಬೇಕು.

ಆಮೇಲೆ ಪಕ್ಕದ ಕಿರಾಣಿ ಅಂಗಡಿಯ ಕಾಟಾ ಮೇಲೆ ಇಟ್ಟೆ. 240 ತೋರಿಸಿತು. ಕಂಪನಿಯವರು ಬರೆದಿರೋದು 241 ಗ್ರಾಂ. ಅಂದರೆ ಹೆಚ್ಚು ಕಡಿಮೆ ಪಾವ್ ಕಿಲೋ ತೊಗರಿಬೇಳೆ. ದಿನವಿಡೀ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಪಾವಗಡದ ಸೋಲಾರ್ ಸೈಟಿನ ಬಿಸಿಲಲ್ಲಿ ತಿರುಗುತ್ತೀಯಾ? ಎರಡು ದಿನ ತಿರುಗುತ್ತೀ, ಮೂರನೇ ದಿನ ರೂಮಲ್ಲಿ ಬಿಟ್ಟು ಹೋಗುತ್ತೀ. ನಿನ್ನನ್ನು ನಾನು ನೋಡಿಲ್ವಾ?

ಎರಡನೆಯದು ಅದೇ ಲೆದರ್‌ಮನ್ ಕಂಪನಿಯ ಸ್ಕೆಲಿಟೂಲ್. 142 ಗ್ರಾಂ, ನೂರು ಗ್ರಾಂ ಹಗುರ. ಪಕ್ಕಡ್ ಇದೆ, ಲಾಕ್ ಆಗುವ ಚಾಕು ಇದೆ, ಬ್ಯಾಗಿಗೆ ಸಿಕ್ಕಿಸುವ ಕೊಂಡಿಯೂ ಇದೆ. ಆದರೆ ಕತ್ತರಿ ಇಲ್ಲ. ಮೂರನೆಯದು ಆ ಕೆಂಪು ವಿಕ್ಟೊರಿನಾಕ್ಸ್, ಹಂಟ್ಸ್‌ಮನ್. ತೂಕ ಸುಮಾರು 100 ಗ್ರಾಂ. ಅದರಲ್ಲಿ ಕತ್ತರಿ, ಮುಳ್ಳು ಕೀಳುವ ಪುಟ್ಟ ಚಿಮಟಾ ಎರಡೂ ಇವೆ, ಪಕ್ಕಡ್ ಇಲ್ಲ.

ನಿನಗೆ ಹೇಳದೇ ಒಂದು ಕೆಲಸ ಮಾಡಿದ್ದೇನೆ. ಈ ತಿಂಗಳು ನೀನು ಫೋನಿನಲ್ಲಿ "ಅಪ್ಪಾ, ಅದು ಕೈಗೆ ಸಿಗಲಿಲ್ಲ" ಅಂದದ್ದನ್ನೆಲ್ಲ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದೆ. ಕನ್ನಡಕದ ಸ್ಕ್ರೂ ಸಡಿಲ, ಎರಡು ಸಲ. ಅವ್ವ ಕಳಿಸಿದ ಶೇಂಗಾ ಚಟ್ನಿ ಪಾರ್ಸೆಲ್ ಹಲ್ಲಿಂದ ಹರಿದದ್ದು. ಚಪ್ಪಲಿ ದಾಟಿ ಹಿಮ್ಮಡಿಗೆ ಹೊಕ್ಕ ಜಾಲಿ ಮುಳ್ಳು. ಕೇಬಲ್ ಟೈ ಕತ್ತರಿಸೋಕೆ ಏನೂ ಇಲ್ಲದ್ದು. ಬ್ಯಾಗಿನ ಜಿಪ್ ಕಚ್ಚಿಕೊಂಡದ್ದು. ಇದರಲ್ಲಿ ಪಕ್ಕಡ್ ಬೇಕಾದದ್ದು ಜಿಪ್ ಒಂದಕ್ಕೇ. ಕನ್ನಡಕಕ್ಕಂತೂ ಆ ಕೆಂಪು ಚಾಕುವಿನಲ್ಲಿ ಬಾಟಲಿಯ ಬಿರಡೆ ತೆಗೆಯುವ ತಿರುಪು ಇದೆಯಲ್ಲ, ಅದರೊಳಗೆ ಸುತ್ತಿ ಇಡುವ ಪುಟ್ಟ ಸ್ಕ್ರೂಡ್ರೈವರನ್ನು ಅದೇ ಕಂಪನಿ ಬೇರೆಯಾಗಿ ಮಾರುತ್ತೆ. ನಮ್ಮ ಮನೇಲಿ ಆ ತಿರುಪಿಗೆ ಇನ್ಯಾವ ಕೆಲಸ ಹೇಳು!

ಈ ಲೆದರ್‌ಮನ್ ಹುಟ್ಟಿದ ಕಥೆಯೂ ಹೀಗೇ. ಟಿಮ್ ಲೆದರ್‌ಮನ್ ಅನ್ನುವವನು 1975ರಲ್ಲಿ ಹೆಂಡತಿ ಜೊತೆ ಹಳೇ ಫಿಯಟ್ ಕಾರಲ್ಲಿ ಯುರೋಪ್ ಸುತ್ತುತ್ತಿದ್ದ. ಕಾರು ಕೈಕೊಡೋದು, ಹೋಟೆಲಿನ ನಲ್ಲಿ ಸೋರೋದು. ಜೇಬಿನಲ್ಲಿ ಚಾಕು ಇತ್ತು, ಪಕ್ಕಡ್ ಇರಲಿಲ್ಲ. ಮೊದಲ ಸಾಮಾನು ಮಾರಾಟಕ್ಕೆ ಬಂದದ್ದು 1983ರಲ್ಲಿ. ಅವನಿಗೆ ಪಕ್ಕಡ್ ಬೇಕಿತ್ತು, ಮಾಡಿಕೊಂಡ. ನಿನಗೆ ಬೇಕಾಗಿರೋದು ಚಿಮಟಾ.

ಈಗ ಇದೊಂದನ್ನು ಸರಿಯಾಗಿ ಓದು ತಾಯಿ. ಲೆದರ್‌ಮನ್ ಎರಡರ ಹಿಡಿಕೆಯೂ ಬರೀ ಲೋಹ, ಕೆಂಪು ಚಾಕುವಿನ ಪ್ಲಾಸ್ಟಿಕ್ಕೂ ಕರೆಂಟಿಗೆ ಅಂತ ಮಾಡಿದ್ದಲ್ಲ. ಮೂರಕ್ಕೂ ಕರೆಂಟ್ ತಡೆಯುವ ಹೊದಿಕೆ ಇಲ್ಲ. ಬಿಸಿಲು ಬಿದ್ದಷ್ಟು ಹೊತ್ತೂ ಸೋಲಾರ್ ಪ್ಯಾನೆಲ್‌ನಲ್ಲಿ ಕರೆಂಟ್ ಹುಟ್ಟುತ್ತಲೇ ಇರುತ್ತೆ, ಸ್ವಿಚ್ ಆಫ್ ಮಾಡಿದರೂ. ಸಾಲಾಗಿ ಜೋಡಿಸಿದ್ದರೆ ನೂರಾರು ವೋಲ್ಟ್. ಅಲ್ಲಿ ಎರಡು ತ್ರಿಕೋನದ ಗುರುತು, 1000 ವೋಲ್ಟ್ ಅಂತ ಅಚ್ಚು ಇರುವ, ನಿಮ್ಮ ಕಂಪನಿಯವರು ಕೊಟ್ಟ ಟೂಲ್ ಮಾತ್ರ ಮುಟ್ಟು. ಜೇಬಿನದು ಜೇಬಿನಲ್ಲೇ ಇರಲಿ. ಪಕ್ಕಡ್ ಇರುವುದನ್ನು ಬೇಡ ಅನ್ನೋಕೆ ಇದೂ ಒಂದು ಕಾರಣ. ಕೈಯಲ್ಲಿದ್ದರೆ ಹಾಕೋಣ ಅನ್ನಿಸಿಬಿಡುತ್ತೆ.

ಇನ್ನೊಂದು. ಹಂಟ್ಸ್‌ಮನ್ ಚಾಕುವಿಗೆ ಲಾಕ್ ಇಲ್ಲ, ಹಿಂದಿನ ಸ್ಪ್ರಿಂಗ್ ಹಿಡಿದಿರುತ್ತೆ ಅಷ್ಟೇ. ಕತ್ತರಿಸು, ಚುಚ್ಚಬೇಡ. ನನ್ನ ತೋರುಬೆರಳಿನ ಗುರುತು ನೆನಪಿದೆಯಾ? ಜಾತ್ರೆಯಲ್ಲಿ ಕೊಂಡ, ಒಂದರಲ್ಲೇ ಹತ್ತು ಸಾಮಾನಿರುವ ಅಗ್ಗದ ಚಾಕು. ಬೆಲ್ಟಿಗೆ ತೂತು ಮಾಡಲು ಒತ್ತಿದೆ, ಮಡಚಿಕೊಂಡು ಬೆರಳ ಮೇಲೇ ಬಂತು. ಅದೇ ಸಾಮಾನಿನ ಪಕ್ಕಡ್, ಒಂದು ನಟ್ ಬಿಚ್ಚುವಷ್ಟರಲ್ಲಿ ಬಾಯಿ ಸೊಟ್ಟ ಮಾಡಿಕೊಂಡಿತ್ತು. ನಿಮ್ಮವ್ವ ಇವತ್ತಿಗೂ ಅದರಲ್ಲಿ ಬೆಳ್ಳುಳ್ಳಿ ಜಜ್ಜುತ್ತಾಳೆ.

ಮುಂದಿನ ತಿಂಗಳು ಟ್ರೇನಿಂಗ್‌ಗೆ ವಿಮಾನದಲ್ಲಿ ಹೋಗುತ್ತೀಯಲ್ಲ, ಚಾಕು ಇರುವುದನ್ನೆಲ್ಲ ಚೆಕ್-ಇನ್ ಬ್ಯಾಗಿಗೆ ಹಾಕು. ಕೈಬ್ಯಾಗಿನಲ್ಲಿ ಉಳಿದರೆ ಸೆಕ್ಯುರಿಟಿಯವರು ತೆಗೆದಿಟ್ಟುಕೊಳ್ಳುತ್ತಾರೆ. ಪವರ್ ಬ್ಯಾಂಕ್ ಪೂರ್ತಿ ಉಲ್ಟಾ, ಅದು ಕೈಬ್ಯಾಗಿನಲ್ಲೇ ಇರಬೇಕು. ನೀನು ನೋಡಿರುವ 20,000 ಎಂಎಎಚ್ ಪವರ್ ಬ್ಯಾಂಕ್ ನಡೆಯುತ್ತೆ: 20,000ವನ್ನು 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವಾಟ್-ಅವರ್, ಮಿತಿ 100. ಅಂಕಿ ಅಳಿಸಿಹೋದ ಪವರ್ ಬ್ಯಾಂಕ್ ಒಯ್ಯಬೇಡ. ಸೈಟಿನಲ್ಲಿ ನಿಲ್ಲಿಸಿದ ಜೀಪಿನೊಳಗೂ ಬಿಡಬೇಡ, ಸುಡುತ್ತೆ.

ಬ್ಯಾಗ್ ಯಾವುದಾದರೂ ಆಗುತ್ತೆ. ಜಿಪ್ ದಪ್ಪ ಇರಲಿ, ಹೆಗಲ ಪಟ್ಟಿಯ ಹೊಲಿಗೆಯನ್ನು ಎಳೆದು ನೋಡು. ಅಷ್ಟಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ.

ಹಾಗಾದರೆ ಮೂರರಲ್ಲಿ ಆ ಕೆಂಪು ಚಾಕುವೇ ತಗೋ. ಬಿಲ್ ಫೋಟೋ ತೆಗೆದು ನನಗೂ ಕಳಿಸು.

ಆ ಹುಡುಗ ನಿನ್ನೆ ಬಂದು ವೇವ್ ವಾಪಸ್ ಕೇಳಿದ. "ನಾಳೆ ಕೊಡುತ್ತೇನೆ" ಅಂದೆ. ಒಂದು ದಿನಕ್ಕೆ ಅಂತ ತಂದು ಇವತ್ತಿಗೆ ಐದು ದಿನ. ಊಟಕ್ಕೆ ಕೂತಾಗಲೂ ಟಕ್ ಟಕ್ ಮಾಡುತ್ತೀರಿ ಅಂತ ನಿಮ್ಮವ್ವ ಬೈಯುತ್ತಿದ್ದಾಳೆ. ಹಬ್ಬಕ್ಕೆ ಬರುವಾಗ ನನ್ನ ಹಳೇ ಕಟಿಂಗ್ ಪ್ಲೇಯರ್ ತಗೊಂಡು ಬಾ. ನಿನ್ನ ಟ್ರಂಕಿನಲ್ಲೇ ಹೋಗಿದೆ ಅಂತ ನನಗೆ ಗೊತ್ತು.

ಇಂತಿ
ನಿನ್ನ ಅಪ್ಪ